ಕಣ್ಣಿನ ಸುತ್ತಲ ಬಿಳಿಗೂದಲು

ಜಮಖಂಡಿಯ ದನದ ದವಾಖಾನೆಯಲ್ಲಿ ನನ್ನ ಆಡಿನ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ಹುನ್ನೂರಿನ ಮುದುಕ ಸಾತಪ್ಪ ಕಪ್ಪು ಕುದುರೆಮರಿಯೊಂದನ್ನು ಹಿಡಿದುಕೊಂಡು ಡಾಕ್ಟರ್ ಪ್ರತಿಮಾ ಅವರನ್ನು ಕೇಳುತ್ತಿದ್ದ.

“ಇದರ ಅವ್ವ ಹಾಲಿನಂಗ ಬೆಳ್ಳಗಿತ್ರಿ. ಇದನ್ನ ಈದ ದಿನಾನ ಸತ್ತುಹೋತು. ಮರಿ ಯಾಕ ಕರೀದು ಹುಟ್ಟೇತಿ?”

“ಅಂಥಾ ಬಿಳಿ ಕುದುರಿ ಹುಟ್ಟುವಾಗ ಕರೀವನ ಇರ್ತಾವ್ರಿ ಅಜ್ಜಾರ. ಕಣ್ಣಿನ ಸುತ್ತ ನೋಡ್ರಿ, ಬಿಳಿಗೂದಲ ಮೂಡ್ಯಾವ. ಅವ್ವನ ಗುಣ ಬಂದೈತಿ.”

“ಅಪ್ಪ ಕೆಂಪಿತ್ರಿ.”

“ಇರಲಿ. ಬೆಳ್ಳಗಾಗೋ ಗುಣ ಒಬ್ಬರಿಂದ ಬಂದ್ರೂ ಸಾಕು.”

“ಪೂರಾ ಬೆಳ್ಳಗಾಗಾಕ?”

“ಏಳೆಂಟು ವರ್ಷ ಬೇಕ್ರಿ. ಹೋದ ವಾರಾನೂ ಇದನ್ನ ಹೇಳಿದ್ನಲ್ರಿ?”

“ಹೇಳಿದ್ರಿ.”

“ನಲವತ್ತು ವರ್ಷ ಕುದುರಿ ಸಾಕೀರಿ. ನಿಮಗ ಗೊತ್ತಿಲ್ಲೇನ್ರಿ?”

“ಗೊತ್ತೈತ್ರಿ. ಇದರ ಅವ್ವನೂ ನನ್ನ ಕಣ್ಣ ಮುಂದನ ಬೆಳ್ಳಗಾತು.”

“ಮತ್ತ ಯಾಕ ಕೇಳ್ತೀರಿ?”

“ಮನ್ಯಾಗ ಇದರ ಅವ್ವನ ಮಾತು ಆಡಾಕ ಯಾರೂ ಇಲ್ರಿ.”

ಡಾಕ್ಟರು ಮರಿಯ ಕಣ್ಣಿನ ಹತ್ತಿರ ಮತ್ತೊಮ್ಮೆ ಬಾಗಿದರು.

“ಈ ಕಡೆ ಇನ್ನೂ ಎರಡು ಕೂದಲ ಬಂದಾವ ನೋಡ್ರಿ. ಮುಂದಿನ ವಾರ ಬರ್ರಿ, ಎಣಸೂಣು.”

ಸಾತಪ್ಪ ತಲೆಯಾಡಿಸಿದ. ಮರಿಯ ಹಗ್ಗ ಹಿಡಿದು ಹುನ್ನೂರಿನ ದಾರಿಗೆ ನಡೆದ.