ಪಟ್ಟಿಯ ಎರಡನೇ ಸಾಲು

ದೀಪ ಇರಲಿ, ಆರಿಸಬೇಡಿ. ಇದು ನನ್ನ ಪಕ್ಕದ ಮನೆ ಥೋರಾಗೆ ಆದದ್ದು.

ಜನವರಿ. ಐದಕ್ಕೇ ಕತ್ತಲು. ಥೋರಾ ಮೀನಿನ ಶೆಡ್ಡಿನಿಂದ ಮನೆಗೆ ಬರುತ್ತಿದ್ದಳು. ಹಲಗೆ ಮುಚ್ಚಿದ ಹಳೇ ಬಾವಿ ದಾಟುವಾಗ ಜೇಬಿನ ರೇಡಿಯೊ ಗೊರ್ ಎಂದು... ನಿಂತುಹೋಯಿತು. ನಮ್ಮೂರ ಪುಟ್ಟ ರೇಡಿಯೊ ಕೇಂದ್ರವೇ ಸತ್ತಿತ್ತು. ಅವಳ ಗಂಡ ಓರೆಸ್ಟ್ ದೂರದಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಬಲೆ ಎಳೆಯುತ್ತಿದ್ದ. ಎಂಟಕ್ಕೆ ಬಿರುಗಾಳಿ ಬರಲಿತ್ತು. ಅಲ್ಲಿ ಫೋನ್ ಸಿಗದು. ರೇಡಿಯೊ ಹೇಳಿದರೆ ಮಾತ್ರ ಅವನಿಗೆ ಗೊತ್ತಾಗಬೇಕು.

ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವವಳೂ ಥೋರಾಳೇ. ಮೊದಲು ಹೆಲ್ಗಿ ಆವಿ ನೋಡುತ್ತಿದ್ದರು. ಇಲ್ಲಿ ಅಜ್ಜನಿಗೆ ಆವಿ ಅನ್ನುತ್ತಾರೆ. ಹಿಂದಿನ ಚಳಿಗಾಲ ತೀರಿಕೊಂಡರು. ಹೊಸ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಹಾಕಿದಾಗ ಹಳೆಯದನ್ನು ಅಳಿಸಬೇಡ, ಹೊಸದು ಏಳದಿದ್ದರೆ ಹಳೆಯದೇ ಗತಿ ಎಂದು ನೂರು ಸಲ ಹೇಳಿದ್ದರು. ಆ ಮಧ್ಯಾಹ್ನ ಡಿಸ್ಕಿನಲ್ಲಿ ಜಾಗ ಸಾಲದೆ ಥೋರಾ ಹಳೆಯದನ್ನು ಅಳಿಸಿ, ಹೊಸದನ್ನು ಹಾಕಿ, ಐದಕ್ಕೆ ಯಂತ್ರ ತಾನೇ ಆರಿ ಮತ್ತೆ ಏಳುವಂತೆ ಮಾಡಿ ಬಂದಿದ್ದಳು.

ಕೇಂದ್ರಕ್ಕೆ ಓಡಿದಳು. ಒಳಗೆ ಬೋಹ್ದಾನ್ ಒಬ್ಬನೇ. ಹೆಲ್ಗಿ ಆವಿಯ ಕೆಲಸ ತನಗೇ ಬರುತ್ತದೆ ಎಂದು ಕಾದು, ಸಿಗದೆ ಉಳಿದವನು.

"ಏನೋ ಮಾಡ್ದೆ?" ಪಿಸುಗುಟ್ಟಿದಳು.

"ಮುಟ್ಟಿಲ್ಲ ಕಣೇ. ಓರೆಸ್ಟನ ಆಣೆ."

"ಅವನ ಮೇಲೆ ಬೇಡ. ನಿನ್ನ ಮೀಸೆ ಮೇಲೆ ಆಣೆ ಇಡು."

ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ ಯಾವ ಕರ್ನಲ್ ಬೇಕೆಂದು ಮೊದಲಿಗೆ ಪಟ್ಟಿ ತೋರಿಸುವ ಬೂಟ್ ಲೋಡರನ್ನು ಹೊಸದಾಗಿ ಬರೆದಳು. ಒಂದು ಸಲವಲ್ಲ, ಎರಡು ಸಲ. ಪೀಂ... ಪಟ್ಟಿಯಲ್ಲಿ ಒಂದೇ ಸಾಲು, ಹೊಸ ಕರ್ನಲ್. ಒತ್ತಿದರೆ ಕಪ್ಪು ಪರದೆ.

ಆರೂವರೆ. ಮತ್ತೆ ಸ್ವಿಚ್ ಒತ್ತಿದಳು. ಡಿಸ್ಕು ಕಟ್... ಕಟ್... ಎಂದಿತು. ಈಗ ಎರಡು ಸಾಲು. ಎರಡನೆಯದು ಅವಳು ಅಳಿಸಿದ ಹಳೇ ಕರ್ನಲ್.

"ನೀನು ಹಾಕಿದ್ಯಾ?"

"ನಿನ್ನ ಬೆನ್ನ ಹಿಂದೆ ನಿಂತಿದೀನಲ್ಲೇ..."

ಅವಳಿಗೆ ನಂಬಿಕೆಯಿಲ್ಲ. ಆದರೂ ಒತ್ತಿದಳು. ಯಂತ್ರ ಎದ್ದಿತು. ಬಿರುಗಾಳಿಯ ಎಚ್ಚರಿಕೆ ರೇಡಿಯೊದಲ್ಲಿ ಹೊರಟಿತು. ಏಳೂವರೆಗೆ ಓರೆಸ್ಟ್, ಗಡ್ಡದ ತುಂಬ ಮಂಜು, ಬಾಗಿಲಲ್ಲಿ ನಿಂತಿದ್ದ.

ಆಮೇಲೆ ಇಬ್ಬರೂ ಡಿಸ್ಕನ್ನು ಜಾಲಾಡಿದರು. ಹಳೇ ಕರ್ನಲ್ ಎಲ್ಲೂ ಇಲ್ಲ. ಈಗ ಯಾವುದರ ಮೇಲೆ ಓಡುತ್ತಿದ್ದೀಯ ಎಂದು ಯಂತ್ರವನ್ನೇ ಕೇಳಿದರೆ... ಹಳೆಯದರ ಸಂಖ್ಯೆ.

ಎರಡು ವರ್ಷವಾಯಿತು, ಆ ಯಂತ್ರವನ್ನು ಯಾರೂ ನಿಲ್ಲಿಸಿಲ್ಲ. ಸುಳ್ಳಲ್ಲ, ನಾನೇ ಹೋಗಿ ನೋಡಿದ್ದೇನೆ. ಸ್ವಿಚ್ಚಿನ ಮೇಲೆ ಯಾರೋ ಟೇಪು ಅಂಟಿಸಿದ್ದಾರೆ. ಅಂಟಿಸಿದ್ದು ತಾನಲ್ಲ ಅನ್ನುತ್ತಾಳೆ ಥೋರಾ. ಬೋಹ್ದಾನ್ ಕೂಡ, ತಾನಲ್ಲ ಅನ್ನುತ್ತಾನೆ.