ಬಿರುಕಿನೊಳಗಿಂದ ಬರ್ತೀನಿ ಅಂದವನು

ಮಳೆ ಮಧ್ಯಾಹ್ನವೇ ಹಿಡಿದುಕೊಂಡಿತ್ತು. ಬೆಟ್ಟದ ಬುಡದ ತಗಡಿನ ಶೆಡ್ಡಿನಲ್ಲಿ, ಮೇಲೆ ಹತ್ತಲೂ ಆಗದೆ, ರಸ್ತೆ ಕೊಚ್ಚಿಹೋಗಿದ್ದರಿಂದ ವಾಪಸು ಹೋಗಲೂ ಆಗದೆ ಕೂತವರಲ್ಲಿ ಒಬ್ಬ ನರ್ಸು, ಅವಳ ಅಣ್ಣ ಬಸ್ ಕಂಡಕ್ಟರು, ಮತ್ತೆ ಅವರಂತೆಯೇ ರಜೆ ಹಾಕಿ ಬಂದ ನಾಲ್ಕಾರು ಜನ ಇದ್ದರು. ಎಲ್ಲಿ ನೋಡಿದರೂ ಒದ್ದೆ ಸಾಕ್ಸು. ಕ್ಯಾಲೆಂಡರಿನಲ್ಲೆಲ್ಲ ರಾರಾಜಿಸುವ ಶಿಖರ ಕಿಟಕಿಯಾಚೆ ಇದ್ದೂ ಇರಲಿಲ್ಲ. ಮಳೆ ನಿಂತರೆ ನಾಳೆ ಅಣ್ಣ ಮೊದಲು ಹತ್ತಿ ಮೇಲಿಂದ ಅವಳ ಸೊಂಟದ ಹಗ್ಗ ಹಿಡಿಯುತ್ತಾನೆ ಎಂಬುದನ್ನು ನೆನೆದರೇ ನರ್ಸಿಗೆ ಹತ್ತುವುದೇ ಬೇಡ ಅನ್ನಿಸುತ್ತಿತ್ತು. ಹೇಳಿದರೆ ಅವನು ವರ್ಷವಿಡೀ ಆಡಿಕೊಳ್ಳುತ್ತಾನೆಂದು ಸುಮ್ಮನಿದ್ದಳು.

ಮೂಲೆಯಲ್ಲಿ ಒಬ್ಬ ಅಜ್ಜ ಹಗ್ಗದ ಸಿಕ್ಕು ಬಿಡಿಸುತ್ತಿದ್ದ. ಕಾಲು ಸೋಲುವವರೆಗೂ ಜನರನ್ನು ಮೇಲೆ ಹತ್ತಿಸಿದವನು.

"ಏನಜ್ಜ, ಮೇಲಿನವರು ಕೆಳಗಿನವರು ಹೆಂಗೆ ಮಾತಾಡ್ಕೋಬೇಕು? ನಮ್ಮ ಬಸ್ಸಲ್ಲಾದ್ರೆ ರೈಟ್, ಹೋಲ್ಡಾನ್, ಎರಡೇ" ಎಂದ ಕಂಡಕ್ಟರು.

"ಅದನ್ನೇ ಅನ್ನಿ. ನಾವು ಹಿಂದೆ ಅಂತಿದ್ದದ್ದು ಮಾತ್ರ ಬೇಡ." ಅಜ್ಜ ಹಗ್ಗ ಪಕ್ಕಕ್ಕಿಟ್ಟ. "ಹತ್ರ ಬನ್ನಿ. ಈ ತಗಡಿನ ಸದ್ದಲ್ಲಿ ಕೂಗೋಕೆ ನನಗೆ ತ್ರಾಣ ಇಲ್ಲ."

ಬೆಂಚುಗಳು ಸರಿದವು.

"ಶಿಖರಕ್ಕೆ ಮುಂಚೆ ಒಂದು ಬಿರುಕು ಸಿಗುತ್ತೆ… ಎರಡು ಬಂಡೆ ನಡುವೆ ಒಬ್ಬ ಹಿಡಿಯೋವಷ್ಟು ಸಂದಿ, ಬೆನ್ನು ಆ ಗೋಡೆಗೆ, ಕಾಲು ಈ ಗೋಡೆಗೆ ಕೊಟ್ಟು ಹತ್ತಬೇಕು. ಮೊದಲು ಹತ್ತಿದವನು ಮೇಲೆ ಕಟ್ಟೆಯಂಥ ಜಾಗದಲ್ಲಿ ಕೂತು, ಕೆಳಗಿನವನು ಹತ್ತಿದ ಹಾಗೆಲ್ಲ ಹಗ್ಗ ಎಳ್ಕೋತಾ ಇರ್ತಾನೆ. ಮುಖ ಕಾಣಲ್ಲ, ಮಾತೇ ಗತಿ. ಕೆಳಗಿನವನು 'ಬರ್ತೀನಿ' ಅನ್ನಬೇಕು, ಮೇಲಿನವನು 'ಬಾ' ಅನ್ನಬೇಕು. ಬಾ ಅಂದ ಮೇಲೆ ಅವನು ಬಂದು ಮುಟ್ಟೋ ತನಕ ಹಗ್ಗ ಬಿಡೋ ಹಾಗಿಲ್ಲ… ಒಂದು ಜೀವ ನೇತಾಡ್ತಿರುತ್ತಲ್ಲ.

"ಒಬ್ಬ ದರ್ಜಿ, ಅವನ ಬಾಮೈದ ಬಂದಿದ್ರು. ನನಗಿರೋನು ಒಬ್ಬನೇ ತಮ್ಮ, ಜೋಪಾನ ಅಂತ ದರ್ಜಿಗೆ ಹೆಂಡತಿ ಹೇಳಿ ಕಳಿಸಿದ್ಲಂತೆ. ದರ್ಜಿ ಸರಸರ ಹತ್ತಿಬಿಟ್ಟ. ಅಷ್ಟರಲ್ಲಿ ಮಂಜು ಕವೀತು, ಗಾಳಿ ಶುರುವಾಯ್ತು. ಬಾಮೈದ ಇನ್ನೂ ಕೆಳಗೇ ಇದ್ದ. ನಾನು ಪಕ್ಕದಲ್ಲೇ ಇದ್ದೆ. ಅವನು ಸೊಂಟದ ಹಗ್ಗದ ಕುಣಿಕೆ ಕಳಚಿ ಹಾಕಿ ಕೂಗಿದ, ನನ್ನ ಕೈಲಾಗಲ್ಲ, ಶೆಡ್ಡಲ್ಲಿ ಕೂತಿರ್ತೀನಿ, ಬರ್ತೀನಿ ಭಾವ ಅಂತ. ಹೊರಡುವಾಗ ನಾವು ಹೋಗ್ತೀನಿ ಅಂತೀವಾ? ಬಾಯಿಗೆ ಬರೋದೇ ಇಲ್ಲ. ಬರ್ತೀನಿ ಅಂತಲೇ ಹೋಗ್ತೀವಿ… ಮೊದಲಿನದನ್ನೆಲ್ಲ ಗಾಳಿ ತಿಂತು, ಕೊನೇದು ಮಾತ್ರ ಮೇಲೆ ಹೋಯ್ತು. ಮೇಲಿಂದ 'ಬಾ' ಅಂತ ಕೇಳಿಸ್ತು."

"ಖಾಲಿ ಹಗ್ಗ ಎಳ್ಕೊಂಡ. ಒಳ್ಳೆ ಫಜೀತಿ" ಎಂದು ಕಂಡಕ್ಟರು ನಕ್ಕ.

"ಖಾಲಿ ಎಲ್ಲಿತ್ತಪ್ಪ… ನಮ್ಮ ಕಣ್ಣೆದುರಿಗೇ ಬಿಗೀತು. ಕುಣಿಕೆ ಒಳಗೆ ಸೊಂಟ ಇದ್ದ ಹಾಗೆ ಉಬ್ಬಿ ನಿಂತ್ಕೊಂಡು, ತಡವರಿಸ್ತಾ, ನಿಂತು ನಿಂತು, ಹೊಸಬರು ಹತ್ತೋ ಥರಾನೇ ಬಿರುಕಿನೊಳಗೆ ಮೇಲಕ್ಕೆ ಹೋಯ್ತು. ದರ್ಜಿ ಮೇಲಿಂದ ತಮಾಷೆ ಮಾಡ್ತಿದ್ದಾನೆ, ಏನೋ ಇಷ್ಟು ಭಾರ, ನಿಮ್ಮಕ್ಕ ನನಗೆ ಬಡಿಸದೆ ಎಲ್ಲಾ ನಿನಗೇ ಹಾಕಿದ್ಲಾ ಅಂತ. ನನ್ನ ಪಕ್ಕದಲ್ಲಿದ್ದ ಇವನು ಗಂಟಲು ಹರ್ಕೊಂಡು, ಭಾವ ಬಿಟ್ಬಿಡಿ, ನಾನು ಕೆಳಗಿದ್ದೀನಿ, ಹಗ್ಗದಲ್ಲಿರೋನು ನಾನಲ್ಲ ಅಂದ. ಆಗ ಬಿರುಕಿನ ಅರ್ಧದಿಂದ, ಇವನದೇ ದನಿ… ಬಿಡ್ಬೇಡಿ ಭಾವ.

"ದರ್ಜಿ ತಮಾಷೆ ಬಿಟ್ಟ. ಆಮೇಲೆ ಕೇಳಿದ, ನಿಮ್ಮಕ್ಕ ಮನೇಲಿ ನಿನ್ನ ಏನಂತ ಕರೀತಾಳೋ? ಗುಬ್ಬಿ ಅಂದ ಇವನು. ಒಳಗಿನದೂ ಗುಬ್ಬಿ ಅಂತು. ನಾನು ಇವನ ಬಾಯನ್ನೇ ನೋಡ್ತಿದ್ದೆ. ಒಳಗಿನದು ಇವನಿಗಿಂತ ಒಂದು ಉಸಿರು ಮೊದಲೇ ಅಂತು…

"ಈಗ ಏನು ಮಾಡ್ತಾನೆ ಹೇಳಿ. ಬಿಟ್ಟರೆ ಹೆಂಡತಿಯ ತಮ್ಮನನ್ನ ತಾನೇ ಕೊಂದ ಹಾಗೆ. ಹಿಡ್ಕೊಂಡ್ರೆ ಅದೇನೋ ಮೇಲೆ ಬರುತ್ತೆ. ಇಳಿದು ಹೋಗೋಣ ಅಂದ್ರೆ ಇಳಿಯೋ ದಾರೀನೂ ಅದೇ ಬಿರುಕು. ನೀವಾಗಿದ್ರೆ?"

ನರ್ಸು ಅಣ್ಣನ ಕೈ ನೋಡಿದಳು. ಟಿಕೆಟ್ ಹರಿದು ಹರಿದು ಬೆರಳ ತುದಿ ಒರಟಾಗಿದ್ದ ಕೈ. ತಾನು ಕೆಳಗಿನಿಂದ ಎಷ್ಟೇ ಕೂಗಿಕೊಂಡರೂ ಅದು ಹಗ್ಗ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಹಿಡ್ಕೊಂಡ" ಎಂದ ಅಜ್ಜ. "ಇನ್ನೂ ಎಷ್ಟು ದೂರ ಇದ್ದೀಯೋ, ಬೇಗ ಬಾರೋ ಅಂತ ಕರೀತಾನೇ ಇದ್ದ. ಅದು ಬಂದು ಮುಟ್ಟಲೂ ಇಲ್ಲ, ಹಗ್ಗ ಸಡಿಲಾಗಲೂ ಇಲ್ಲ… ಮಾರನೇ ದಿನ ಹಿಂದಿನ ಬಂಡೆಗೆ ಮೊಳೆ ಹೊಡ್ಕೊಂಡು ಹತ್ತಿ ನೋಡಿದ್ವಿ. ಮನುಷ್ಯನೂ ಇಲ್ಲ, ಹಗ್ಗವೂ ಇಲ್ಲ. ರಾತ್ರಿಯಿಡೀ ಸುರಿದ ಮಳೇಲೂ, ಕಟ್ಟೆ ಮೇಲೆ ಒಬ್ಬ ಕೂರೋವಷ್ಟು ಜಾಗ ಮಾತ್ರ ಒಣಗಿತ್ತು."

"ಬಾಮೈದ?" ನರ್ಸು ಕೇಳಿದಳು.

"ಬಿರುಕಿನ ಬಾಯಲ್ಲಿ ಬಂದು ನಿಂತು, ಸಾಕು ಬಿಡಿ ಭಾವ ಅಂತಿದ್ದ, ಬದುಕಿರೋ ತನಕ. ದರ್ಜಿ ಅವನ ಮಾತು ಯಾಕೆ ಕೇಳ್ತಾನಮ್ಮ? ದರ್ಜಿ ಪಾಲಿನ ಬಾಮೈದ ಇನ್ನೂ ಹಗ್ಗದಲ್ಲೇ ಇದ್ದಾನಲ್ಲ."

ಮಲಗುವ ಕೋಣೆ ಅಂಗಳದ ಆಚೆಗಿತ್ತು. ಕಂಡಕ್ಟರು ಮೈಮುರಿದು ಎದ್ದ. "ಸರಿ ಅಜ್ಜ, ಇನ್ನು ಬರ್ತೀ…"

ಅಜ್ಜನ ಅಂಗೈ ಅವನ ಬಾಯಿ ಮುಚ್ಚಿತು.

"ಮತ್ತೆ ಏನಂತ ಹೇಳಿ ಹೋಗೋದು?" ನರ್ಸಿನ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

"ಸುಮ್ಮನೆ ಹೋಗಮ್ಮ. ಹೋದ ವಾರ ಒಬ್ಬಳು ಇದೇ ಬಾಗಿಲಲ್ಲಿ ನಿಂತು ಆ ಮಾತು ಅಂದ್ಲು, ಮೇಲಿಂದ 'ಬಾ' ಅಂತ ಕೇಳಿಸ್ತು. ಸೊಂಟಕ್ಕೆ ಹಗ್ಗ ಇರಲಿಲ್ಲ… ಆದ್ರೂ ನೋಡು, ಯಾರೋ ಎಳ್ಕೊಂಡ ಹಾಗೆ, ಬೆಟ್ಟದ ಕಡೆಗೆ ಎರಡು ಹೆಜ್ಜೆ ಇಟ್ಲು."