ರಬ್ಬರ್ ಶೀಟಿಗೊಂದು ಸೀಟು

ಜಾಲ್ಸೂರಿನಲ್ಲಿ ರಬ್ಬರ್ ಶೀಟಿನ ಕಟ್ಟು ಹೊತ್ತು ವೆಂಕಪ್ಪ ಸುಳ್ಯದ ಬಸ್ಸು ಹತ್ತಿದ್ದೇ ತಡ, ಕಂಡಕ್ಟರ್ ಮೂಗು ಮುಚ್ಚಿಕೊಂಡ.

“ಎಂತ ನಾತ ಇದು! ಇಳಿಯಿರಿ ಮಾರಾಯ್ರೆ.”

“ಬೇಡ, ನನ್ನ ಕಾಲಬುಡದಲ್ಲಿ ಇಡಲಿ,” ಎಂದಳು ಕಿಟಕಿಯ ಪಕ್ಕದ ಹೆಂಗಸು.

ವೆಂಕಪ್ಪನಿಗೆ ನಾಚಿಕೆಯಾಯಿತು. “ನಿಮಗೆ ವಾಸನೆ ಬರುದಿಲ್ವಾ ಅಕ್ಕ?”

“ಬಸುರಿ ಇರುವಾಗ ಕೊರೊನಾ ಬಂತು ಅಣ್ಣ. ಆಮೇಲೆ ವಾಸನೆ ಇಲ್ಲ, ರುಚಿ ಇಲ್ಲ. ಮಗುವಿಗೆ ಮೂರು ತಿಂಗಳಾಯ್ತು, ಅದರ ನೆತ್ತಿಯ ಪರಿಮಳ ಸಹ ನನಗೆ ಗೊತ್ತಿಲ್ಲ.”

“ಈಗ?”

“ನೀವು ಹತ್ತಿದಾಗ ಮೂಗಿಗೆ ಬಡೀತು! ದೇವರ ಹಾಗೆ ಬಂದ್ರಿ.”

ಅವಳ ಸ್ಟಾಪು ಬಂತು. ಇಳಿದವಳು ಮನೆಯ ಕಡೆ ಓಡಿಯೇಬಿಟ್ಟಳು.

ವೆಂಕಪ್ಪ ಕಟ್ಟನ್ನು ಎತ್ತಿ, ಖಾಲಿಯಾದ ಅವಳ ಸೀಟಿನಲ್ಲಿ ಮೆಲ್ಲಗೆ ಕೂರಿಸಿ, ಕಂಡಕ್ಟರನ ಮುಖ ನೋಡಿದ.

“ಇರ್ಲಿ, ಕೂತ್ಕೊಳ್ಳಲಿ,” ಎಂದ ಕಂಡಕ್ಟರ್.